ಪುಸ್ತಕದ ಬೀಗದ ಕೈ ಯಾರ ಹತ್ತಿರ?

ಅಚ್ಚಿನ ಪುಸ್ತಕ ಒಳ್ಳೆಯದೋ, ಇ-ರೀಡರ್ ಒಳ್ಳೆಯದೋ, ಕಿವಿಗೆ ಹಾಕಿಕೊಂಡು ಕೇಳುವ ಆಡಿಯೋ ಪುಸ್ತಕ ಒಳ್ಳೆಯದೋ ಎಂದು ಪೇಟೆಯ ಓದುಗರಲ್ಲಿ ಒಂದು ಚರ್ಚೆ ನಡೆಯುತ್ತಿದೆ. ಕಾಗದದ ವಾಸನೆ ಇಲ್ಲದೆ ಓದಲಾಗುವುದಿಲ್ಲ ಎನ್ನುವವರು ಒಂದು ಕಡೆ. ಸಾವಿರ ಪುಸ್ತಕವನ್ನು ಒಂದೇ ಕೈಯಲ್ಲಿ ಹೊತ್ತು ತಿರುಗುತ್ತೇವೆ ಎನ್ನುವವರು ಇನ್ನೊಂದು ಕಡೆ. ಕಾರು ಓಡಿಸುತ್ತಲೇ ಕಾದಂಬರಿ ಕೇಳಿ ಮುಗಿಸಿದೆವು ಎನ್ನುವವರೂ ಇದ್ದಾರೆ. ಅಜ್ಜನ ಕಾಲದಿಂದ ಮನೆತುಂಬ ಪುಸ್ತಕ ಇದ್ದವರಿಗೆ ಇದು ರುಚಿಯ ಪ್ರಶ್ನೆ. ನಮಗೆ ಚರಿತ್ರೆಯ ಪ್ರಶ್ನೆ. ಯಾಕೆಂದರೆ ನಮ್ಮ ಮನೆಗಳಲ್ಲಿ ಪುಸ್ತಕ ಹಿಡಿದ ಮೊದಲ ತಲೆಮಾರು ನಾವು. ನಮ್ಮ ಅವ್ವ ಅಪ್ಪಂದಿರನ್ನು ಈ ಮೂರರಲ್ಲಿ ನಿಮಗೆ ಯಾವುದು ಬೇಕು ಅಂತ ಯಾರೂ ಕೇಳಿದವರಿಲ್ಲ.

ನಮ್ಮ ಕೇರಿಯ ಹುಡುಗ ಹುಡುಗಿಯರು ಒಂದು ಓದುಮನೆ ಮಾಡಬೇಕೆಂದು ಚಂದಾ ಎತ್ತಿದ್ದಾರೆ. ಕೂಡಿದ್ದು ಸ್ವಲ್ಪವೇ ದುಡ್ಡು. "ಪುಸ್ತಕಕ್ಕೆ ಯಾಕಣ್ಣ ದುಡ್ಡು ಸುರೀತೀರ, ಈಗೆಲ್ಲ ಮೊಬೈಲಲ್ಲೇ ಬತ್ತದೆ" ಅನ್ನುತ್ತಾನೆ ಒಬ್ಬ. "ಅವ್ವಂದಿರಿಗೆ ಓದಕ್ಕೇ ಬರಲ್ವಲ್ಲ, ಕೇಳೋ ಪುಸ್ತಕವೇ ತನ್ನಿ" ಅನ್ನುತ್ತಾಳೆ ಇನ್ನೊಬ್ಬಳು. ಇಬ್ಬರ ಮಾತಿನಲ್ಲೂ ಅರ್ಥ ಇದೆ. ಆದರೆ ಆರಿಸುವ ಮೊದಲು ಹಿಂದಕ್ಕೆ ತಿರುಗಿ ನೋಡಬೇಕು. ಪುಸ್ತಕದ ರೂಪ ಬದಲಾದಾಗಲೆಲ್ಲ ಬಾಗಿಲು ಯಾರಿಗೆ ತೆರೆಯಿತು, ಯಾರಿಗೆ ಮುಚ್ಚಿತು, ಬೀಗದ ಕೈ ಯಾರ ಸೊಂಟದಲ್ಲಿತ್ತು ಎಂಬುದು ಗೊತ್ತಾದರೆ ಇವತ್ತಿನ ಆಯ್ಕೆ ಅಷ್ಟೇನೂ ಕಷ್ಟವಲ್ಲ.

*

ಈ ನೆಲದ ಮೊದಲ ಪುಸ್ತಕ ಕೇಳುವ ಪುಸ್ತಕವೇ. ವೇದಗಳನ್ನು ಬರೆದಿಡುತ್ತಿರಲಿಲ್ಲ, ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ ದಾಟಿಸುತ್ತಿದ್ದರು. ಅದಕ್ಕೇ ಅವಕ್ಕೆ ‘ಶ್ರುತಿ’ ಅಂತ ಹೆಸರು. ಪುಸ್ತಕ ಕಿವಿಯಲ್ಲಿದ್ದ ಕಾಲದಲ್ಲಿ ಬೀಗವನ್ನೂ ಕಿವಿಗೇ ಜಡಿದರು. ಗೌತಮ ಧರ್ಮಸೂತ್ರದ ಹನ್ನೆರಡನೆಯ ಅಧ್ಯಾಯ ತೆಗೆದು ನೋಡಿ. ಶೂದ್ರ ಬೇಕೆಂದೇ ವೇದ ಕೇಳಿಸಿಕೊಂಡರೆ ಅವನ ಕಿವಿಗೆ ಕಾದ ತವರ, ಅರಗು ತುಂಬಬೇಕು. ಉಚ್ಚರಿಸಿದರೆ ನಾಲಗೆ ಕತ್ತರಿಸಬೇಕು. ನೆನಪಿನಲ್ಲಿ ಇಟ್ಟುಕೊಂಡರೆ ದೇಹ ಸೀಳಬೇಕು. ನಮ್ಮ ಜನರ ಬಾಯಲ್ಲಿ ಇದೇ ‘ಕಾದ ಸೀಸ’. ಈ ಶಿಕ್ಷೆ ಎಷ್ಟು ಸಲ ಜಾರಿಯಾಯಿತು ಅಂತ ಪಂಡಿತರು ವಾದ ಮಾಡಿಕೊಳ್ಳಲಿ. ನಾವು ನೋಡಬೇಕಾದದ್ದು ಈ ಕಟ್ಟಳೆ ಮಾಡಿದವನ ಜಾಣತನವನ್ನು. ಕೇಳುವುದು, ಹೇಳುವುದು, ನೆನಪಿಡುವುದು ಎಂಬ ಮೂರು ದಾರಿಗಳಲ್ಲಿ ಅಕ್ಷರವಿಲ್ಲದೆಯೂ ಅರಿವು ದಾಟುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೂರನ್ನೂ ಮುಚ್ಚಿದ. ಶೂದ್ರನಿಗೇ ಹೀಗಾದರೆ ಊರಾಚೆ ಇದ್ದವರ ಪಾಡು ಹೇಳಬೇಕಾದ್ದಿಲ್ಲ.

ಆದರೆ ನಮ್ಮವರು ಕಿವಿ ಮುಚ್ಚಿಕೊಂಡು ಕೂರಲಿಲ್ಲ. ಮೈಸೂರು, ಮಂಡ್ಯ, ಚಾಮರಾಜನಗರದ ಸೀಮೆಯಲ್ಲಿ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿಯ ಕತೆಯನ್ನೂ ದೇವರಗುಡ್ಡರು ಕಂಸಾಳೆ ಹಿಡಿದು ಮಾದಪ್ಪನ ಕತೆಯನ್ನೂ ರಾತ್ರಿಯಿಡೀ ಹಾಡಿಕೊಂಡು ಬಂದರು. ಸಾವಿರಾರು ಸಾಲಿನ ಕಾವ್ಯ ಓಲೆಯ ಹಂಗಿಲ್ಲದೆ ನಾಲಗೆಯ ಮೇಲೇ ಉಳಿಯಿತು. ಚಿಕ್ಕಲ್ಲೂರು ಜಾತ್ರೆಯಲ್ಲಿ ಈ ಪುಸ್ತಕ ಕೇಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಊರೊಳಗೆ ಗದುಗಿನ ಭಾರತವನ್ನೋ ಜೈಮಿನಿ ಭಾರತವನ್ನೋ ಓದಿಸಿದಾಗ ಮಾತ್ರ ನಮ್ಮ ಹಿರಿಯರು ಜಗಲಿ ಹತ್ತುವಂತಿರಲಿಲ್ಲ. ದೂರದ ಕತ್ತಲಲ್ಲಿ ಕೂತು ಕೇಳಬೇಕಿತ್ತು. ಹಾಗಾಗಿ ಕೇಳುವ ಪುಸ್ತಕ ಅನಕ್ಷರಸ್ಥರಿಗೆ ವರ ಎಂದು ಯಾರಾದರೂ ಸಲೀಸಾಗಿ ಹೇಳಿದರೆ ನಾವು ಒಂದು ಪ್ರಶ್ನೆ ಕೇಳಲೇಬೇಕು: ಓದಿ ಹೇಳುವವರು ಯಾರು, ನಮ್ಮನ್ನು ಕೂರಿಸುವುದು ಎಲ್ಲಿ?

*

ಆಮೇಲೆ ಓಲೆಗರಿ. ತಾಳೆಗರಿಯನ್ನು ಹದಮಾಡಿ, ಕಬ್ಬಿಣದ ಕಂಟದಲ್ಲಿ ಕೊರೆದು, ಮಸಿ ಸವರಿ ಅಕ್ಷರ ಮೂಡಿಸುತ್ತಿದ್ದರು. ಒಂದೊಂದು ಪ್ರತಿಯನ್ನೂ ಕೈಯಲ್ಲೇ ಬರೆಯಬೇಕು. ಅಂಥ ಕಟ್ಟುಗಳು ಇದ್ದದ್ದು ಮಠ, ಬಸದಿ, ಅರಮನೆ, ಅಗ್ರಹಾರಗಳಲ್ಲಿ. 12ನೇ ಶತಮಾನದಲ್ಲಿ ಮಾದಾರ ಧೂಳಯ್ಯ, ಉರಿಲಿಂಗಪೆದ್ದಿ, ಅವನ ಪುಣ್ಯಸ್ತ್ರೀ ಕಾಳವ್ವೆಯಂಥವರು ತಮ್ಮ ಮಾತನ್ನು ಈ ಗರಿಯೊಳಕ್ಕೆ ನುಗ್ಗಿಸಿದ್ದು ಸಣ್ಣ ಸಂಗತಿಯಲ್ಲ. ಆದರೆ ಗರಿಯೊಳಗೆ ಹೋದ ಮಾತು ಕಟ್ಟಿನೊಳಗೆ ಶತಮಾನಗಟ್ಟಲೆ ಉಳಿದುಬಿಟ್ಟಿತು. ಫ. ಗು. ಹಳಕಟ್ಟಿಯವರು ಮನೆ ಮಠ ಅಲೆದು ಓಲೆಕಟ್ಟುಗಳನ್ನು ಹುಡುಕಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚು ಮಾಡಿಸಿದ್ದು 1923ರಲ್ಲಿ. ಮುಂದೆ ವಿಜಯಪುರದಲ್ಲಿ ಹಿತಚಿಂತಕ ಎಂಬ ಮುದ್ರಣಾಲಯವನ್ನೇ ಹಾಕಿದರು. ಕಾಳವ್ವೆಯ ಮಾತು ಕಾಳವ್ವೆಯ ಕುಲದ ಮಕ್ಕಳ ಕೈಗೆ ಬರಲು ಅಚ್ಚಿನ ಯಂತ್ರ ಬರಬೇಕಾಯಿತು.

ಕನ್ನಡ ಸೀಮೆಯಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಶುರುಮಾಡಿದ್ದು 1841ರಲ್ಲಿ. ಅಲ್ಲಿಂದಲೇ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟಿತು. ಮಿಷನರಿಗಳು ಅಚ್ಚುಕೂಟ ತಂದದ್ದು ತಮ್ಮ ಮತ ಹರಡಲು, ಅದರಲ್ಲಿ ಗುಟ್ಟೇನಿಲ್ಲ. ಆದರೆ ಅಚ್ಚಿಗೆ ಒಂದು ಗುಣ ಇದೆ. ಒಂದೇ ಪುಟ ಸಾವಿರ ಸಲ ಬರುತ್ತದೆ, ಎಲ್ಲವೂ ಒಂದೇ ಥರ ಬರುತ್ತದೆ, ಕೊಂಡವನ ಜಾತಿ ಯಾವುದೆಂದು ಅದು ಕೇಳುವುದಿಲ್ಲ. ಮುಂದೆ ಬಂದ ಅಚ್ಚುಮೊಳೆಗಳನ್ನು ಎರಕ ಹೊಯ್ಯುತ್ತಿದ್ದದ್ದು ಸೀಸ, ತವರ, ಆಂಟಿಮನಿ ಬೆರೆಸಿದ ಲೋಹದಲ್ಲಿ. ಕಿವಿಗೆ ಸುರಿಯಬೇಕೆಂದು ಹೇಳಿದ್ದ ಲೋಹವೇ ಅಕ್ಷರವಾಗಿ ಬಂತು.

ಹಾಗೆಂದು ಬೀಗ ಬಿದ್ದುಹೋಯಿತೇ? ಇಲ್ಲ. ಪುಸ್ತಕದ ಮೇಲಿದ್ದ ಬೀಗ ಶಾಲೆಯ ಬಾಗಿಲಿಗೆ ಬಂತು. 1856ರ ಜೂನ್ ತಿಂಗಳಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಮಹಾರರ ಹುಡುಗನೊಬ್ಬ ಅರ್ಜಿ ಹಾಕಿದ. ಮುಂಬಯಿ ಸರ್ಕಾರ ಕೊಟ್ಟ ಉತ್ತರದ ತಿರುಳು ಇದು: ನ್ಯಾಯ ಹುಡುಗನ ಕಡೆಯೇ ಇದೆ, ಆದರೆ ಒಬ್ಬಿಬ್ಬರಿಗಾಗಿ ಬಹುಕಾಲದ ಪೂರ್ವಗ್ರಹವನ್ನು ಒಮ್ಮೆಗೇ ಕೆಣಕಿದರೆ ವಿದ್ಯೆಯ ಕೆಲಸಕ್ಕೇ ಪೆಟ್ಟು ಬೀಳುತ್ತದೆ. ಅಂದರೆ ನ್ಯಾಯ ಒಪ್ಪಿಕೊಂಡು ಬಾಗಿಲು ಮುಚ್ಚಿದರು. ಬಾಬಾಸಾಹೇಬರು 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಈ ಪ್ರಕರಣವನ್ನು ಎತ್ತಿ ಮುಂದಿಟ್ಟಿದ್ದಾರೆ. ಮಂಗಳೂರಿನಲ್ಲಿ ಕನ್ನಡ ಪುಸ್ತಕ ಅಚ್ಚಾಗುತ್ತಿದ್ದ ಕಾಲದಲ್ಲೇ ಧಾರವಾಡದಲ್ಲಿ ಅದನ್ನು ಓದಲು ಕಲಿಯುವ ಹುಡುಗ ಹೊರಗೆ ನಿಂತಿದ್ದ. ಅದಕ್ಕೂ ಒಂದು ವರ್ಷ ಮುಂಚೆ, 1855ರಲ್ಲಿ, ಪುಣೆಯ ಫುಲೆ ದಂಪತಿಗಳ ಶಾಲೆಯಲ್ಲಿ ಕಲಿತ ಮುಕ್ತಾಬಾಯಿ ಎಂಬ ಮಾಂಗ್ ಹುಡುಗಿ ಮಹಾರ ಮಾಂಗರ ದುಃಖವನ್ನು ಕುರಿತು ‘ಜ್ಞಾನೋದಯ’ ಪತ್ರಿಕೆಯಲ್ಲಿ ಬರೆದಳು. ಬಾಗಿಲು ತೆರೆದಲ್ಲಿ ಅಚ್ಚಿನ ಪುಟಕ್ಕೆ ನಮ್ಮವರು ಎಷ್ಟು ಬೇಗ ಬಂದರು ನೋಡಿ.

ಅಚ್ಚಿನ ಬಲ ಏನೆಂದು ಬಾಬಾಸಾಹೇಬರಷ್ಟು ಚೆನ್ನಾಗಿ ತೋರಿಸಿದವರು ಇನ್ನೊಬ್ಬರಿಲ್ಲ. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಅವರನ್ನು ಅಧ್ಯಕ್ಷ ಭಾಷಣಕ್ಕೆ ಕರೆಯಿತು. ಭಾಷಣದ ಮಾತು ಓದಿ ಹೆದರಿ ಸಮ್ಮೇಳನವನ್ನೇ ರದ್ದು ಮಾಡಿತು. ಕಿವಿಗೆ ಬೀಳಬೇಕಾದ ಮಾತು ಕಿವಿಗೆ ಬೀಳದ ಹಾಗೆ ನೋಡಿಕೊಂಡರು. ಬಾಬಾಸಾಹೇಬರು ಅದನ್ನು ತಾವೇ ಖರ್ಚು ಹಾಕಿ ಪುಸ್ತಕ ಮಾಡಿದರು. ‘ಜಾತಿ ವಿನಾಶ’ದ ಆ 1500 ಪ್ರತಿ ಎರಡೇ ತಿಂಗಳಲ್ಲಿ ಮುಗಿದವು. 1937ರಲ್ಲಿ ಎರಡನೆಯ ಮುದ್ರಣ ಬಂತು. ಭಾಷಣವಾಗಿದ್ದರೆ ಒಂದು ಸಂಜೆಗೆ ಮುಗಿಯುತ್ತಿತ್ತು.

ಕನ್ನಡದಲ್ಲೂ ಇದೇ ಆಯಿತು. 1973ರ ಬೂಸಾ ಪ್ರಕರಣದಲ್ಲಿ ಏಟು ತಿಂದ ಹುಡುಗರು ಸಂಘಟನೆ ಕಟ್ಟಿದರು, ಸಣ್ಣ ಸಣ್ಣ ಪತ್ರಿಕೆ ಮಾಡಿದರು. 1979ರಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತಿಗಳ ಸಮ್ಮೇಳನ ಸೇರುವ ಹೊತ್ತಿಗೆ ಅಚ್ಚಿನ ಪುಟದಲ್ಲಿ ನಮ್ಮ ಕೇರಿಯ ಮಾತು ಇತ್ತು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದಾಗ ಇನ್ನೊಂದು ವಿಚಿತ್ರ ನಡೆಯಿತು. ಪುಸ್ತಕ ಕೊಳ್ಳದವರಿಗೆ, ಓದಲು ಬಾರದವರಿಗೆ ಕೂಡ ಆ ಹಾಡುಗಳು ಬಾಯಿಗೆ ಬಂದವು. ಮೆರವಣಿಗೆಯಲ್ಲಿ ಹಾಡಿ ಹಾಡಿ ಅಚ್ಚಿನ ಪುಸ್ತಕ ಮತ್ತೆ ಕಿವಿಯ ಪುಸ್ತಕವಾಯಿತು. ನಮ್ಮ ಚಳುವಳಿ ಕಣ್ಣನ್ನೂ ಕಿವಿಯನ್ನೂ ಬೇರೆ ಮಾಡಲಿಲ್ಲ ಎಂಬುದು ನೆನಪಿರಲಿ.

ಅಚ್ಚಿನ ಸೋಲನ್ನೂ ಹೇಳಬೇಕು. ಆ ಕಾಲದ ಸಣ್ಣ ಪತ್ರಿಕೆಗಳು ಅಗ್ಗದ ಕಾಗದದಲ್ಲಿ, ಕಡಿಮೆ ಪ್ರತಿಗಳಲ್ಲಿ ಬಂದವು. ಗೆದ್ದಲು, ಮಳೆ, ಮನೆ ಬದಲಾವಣೆ ಎಲ್ಲ ಸೇರಿ ಇವತ್ತು ಒಂದು ಪತ್ರಿಕೆಯ ಪೂರ್ತಿ ಸಂಚಿಕೆಗಳನ್ನು ಒಟ್ಟಿಗೆ ನೋಡುವುದು ಕಷ್ಟ. ಹಳ್ಳಿಯಲ್ಲಿ ಪುಸ್ತಕದಂಗಡಿ ಇಲ್ಲ. ದಪ್ಪ ಪುಸ್ತಕದ ಬೆಲೆ ಒಂದು ದಿನದ ಕೂಲಿ ದಾಟುತ್ತದೆ.

*

ಈಗ ಇ-ಪುಸ್ತಕಕ್ಕೆ ಬರೋಣ. 1971ರ ಜುಲೈ 4ರಂದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ದೊಡ್ಡ ಕಂಪ್ಯೂಟರಿನಲ್ಲಿ ಮೈಕೇಲ್ ಹಾರ್ಟ್ ಎಂಬ ವಿದ್ಯಾರ್ಥಿ ತನ್ನ ದೇಶದ ಸ್ವಾತಂತ್ರ್ಯ ಘೋಷಣೆಯನ್ನು ಟೈಪ್ ಮಾಡಿಟ್ಟ. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಲಿ ಅಂತ ಇಟ್ಟ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಹುಟ್ಟಿದ್ದು ಹಾಗೆ. ಇ-ಪುಸ್ತಕದ ಮೊದಲ ಹೆಜ್ಜೆಗಳಲ್ಲಿ ಬೀಗ ಇರಲಿಲ್ಲ. ಬೀಗ ಬಂದದ್ದು ವ್ಯಾಪಾರದ ಜೊತೆ.

2007ರ ನವೆಂಬರಿನಲ್ಲಿ ಅಮೆಜಾನ್ ಕಂಪನಿ ಕಿಂಡಲ್ ಎಂಬ ಇ-ರೀಡರನ್ನು 399 ಡಾಲರಿಗೆ ಮಾರಲು ತಂದಿತು. ಯಂತ್ರ ಒಳ್ಳೆಯದೇ. ಅದರ ಪರದೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಪ್ಪು ಬಿಳಿ ಕಣಗಳಿರುತ್ತವೆ. ವಿದ್ಯುತ್ತು ತಾಗಿದಾಗ ಮೇಲೆ ಕೆಳಗೆ ಸರಿದು ಅಕ್ಷರವಾಗುತ್ತವೆ. ಪುಟ ತಿರುವಿದಾಗ ಮಾತ್ರ ಕರೆಂಟು ಖರ್ಚು. ಒಂದು ಸಲ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ, ಬಿಸಿಲಲ್ಲೂ ಓದಬಹುದು. ಕರೆಂಟು ಕೈಕೊಡುವ ನಮ್ಮ ಹಳ್ಳಿಗೆ ಹೇಳಿ ಮಾಡಿಸಿದ ಹಾಗಿದೆ ಅನ್ನಿಸಬಹುದು. ಲೆಕ್ಕ ಹಾಕಿ. 2022ರಲ್ಲಿ ಭಾರತದಲ್ಲಿ ಅದರ ಸಾಧಾರಣ ಮಾದರಿಯ ಬೆಲೆ ಹತ್ತು ಸಾವಿರದ ಆಸುಪಾಸು. ಎರಡು ವರ್ಷದ ಮೇಲೂ, 2024-25ರಲ್ಲಿ, ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ. ಇಪ್ಪತ್ತೊಂಬತ್ತು ದಿನ ಮಣ್ಣು ಹೊತ್ತರೆ ಒಂದು ಯಂತ್ರ; ಅದರೊಳಗೆ ಪುಸ್ತಕ ಬೇರೆ ಕೊಳ್ಳಬೇಕು.

ಕೊಂಡರೂ ಅದು ನಮ್ಮದೇ? 2009ರ ಜುಲೈ ತಿಂಗಳಲ್ಲಿ ಅಮೆಜಾನ್ ತನ್ನ ಗಿರಾಕಿಗಳು ದುಡ್ಡು ಕೊಟ್ಟು ಕೊಂಡಿದ್ದ ಪುಸ್ತಕಗಳನ್ನು ಅವರ ಕಿಂಡಲುಗಳೊಳಗಿಂದ ದೂರದಿಂದಲೇ ಅಳಿಸಿಹಾಕಿತು. ಮಾರಿದವನಿಗೆ ಹಕ್ಕಿರಲಿಲ್ಲ ಅಂತ ಕಾರಣ ಕೊಟ್ಟರು, ದುಡ್ಡು ವಾಪಸು ಕೊಟ್ಟರು, ಆಮೇಲೆ ಕ್ಷಮೆಯನ್ನೂ ಕೇಳಿದರು. ಅಳಿಸಿದ್ದು ಜಾರ್ಜ್ ಆರ್ವೆಲ್ಲನ ‘1984’ ಮತ್ತು ‘ಅನಿಮಲ್ ಫಾರ್ಮ್’. ಪ್ರಭುತ್ವ ಬರಹವನ್ನು ಅಳಿಸಿಹಾಕುವ ಕತೆ ಇರುವ ಕಾದಂಬರಿಯೇ ಅಳಿಸಿಹೋಯಿತು. ಅದನ್ನು ಓದುತ್ತ ಟಿಪ್ಪಣಿ ಮಾಡಿಕೊಂಡಿದ್ದ ವಿದ್ಯಾರ್ಥಿಯೊಬ್ಬನ ಟಿಪ್ಪಣಿಗಳೂ ಕೆಲಸಕ್ಕೆ ಬಾರದಾದವು. ಅಚ್ಚಿನ ಪುಸ್ತಕವನ್ನು ಸುಡಬೇಕಾದರೆ ಮನೆಗೆ ಬರಬೇಕು, ಊರು ನೋಡುತ್ತದೆ. ಇಲ್ಲಿ ಸದ್ದೇ ಇಲ್ಲ. ಇಂಥ ಅಂಗಡಿಗಳ ಕರಾರು ಓದಿ ನೋಡಿ: ಪುಸ್ತಕವನ್ನು ಮಾರುತ್ತಿಲ್ಲ, ಓದುವ ಪರವಾನಗಿ ಕೊಡುತ್ತಿದ್ದೇವೆ ಅಂತ ಇರುತ್ತದೆ. ಪರವಾನಗಿ ಎಂಬ ಮಾತು ನಮಗೆ ಹೊಸದಲ್ಲ.

ಭಾಷೆಯಲ್ಲೂ ಮೇಲು ಕೀಳು ಬಂತು. 2016ರ ಡಿಸೆಂಬರಿನಲ್ಲಿ ಕಿಂಡಲ್ ಅಂಗಡಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಎಂಬ ಐದು ಭಾರತೀಯ ಭಾಷೆಗಳ ಪುಸ್ತಕ ತಂದಾಗ ಕನ್ನಡ ಆ ಪಂಕ್ತಿಯಲ್ಲಿ ಇರಲಿಲ್ಲ. 2020ರಲ್ಲಿ ಮೈಲ್ಯಾಂಗ್‌ನಂಥ ಆಪ್ ಬಂದು ಕನ್ನಡದ ಇ-ಪುಸ್ತಕ, ಆಡಿಯೋ ಪುಸ್ತಕ ಎರಡನ್ನೂ ಮೊಬೈಲಿಗೆ ತಂದಿತು. ತೆರಿಗೆಯ ಕತೆಯೂ ಹೀಗೇ. 2017ರಲ್ಲಿ ಜಿಎಸ್‌ಟಿ ಬಂದಾಗ ಅಚ್ಚಿನ ಪುಸ್ತಕಕ್ಕೆ ತೆರಿಗೆ ಇರಲಿಲ್ಲ, ಇ-ಪುಸ್ತಕಕ್ಕೆ ಶೇಕಡ 18 ಇತ್ತು. 2018ರಲ್ಲಿ, ಅಚ್ಚಿನ ಪ್ರತಿಯೂ ಇರುವ ಇ-ಪುಸ್ತಕಗಳಿಗೆ ಅದನ್ನು ಶೇಕಡ 5ಕ್ಕೆ ಇಳಿಸಿದರು.

ಆದರೂ ಇ-ಪುಸ್ತಕವನ್ನು ಬೈದು ಬಿಟ್ಟುಬಿಡುವುದು ದಡ್ಡತನ. ಮಹಾರಾಷ್ಟ್ರ ಸರ್ಕಾರ 1979ರಿಂದ ಅಚ್ಚು ಮಾಡುತ್ತ ಬಂದ ಬಾಬಾಸಾಹೇಬರ ಬರಹ ಭಾಷಣಗಳ ಇಂಗ್ಲಿಷ್ ಸಂಪುಟಗಳು ಇವತ್ತು ಪಿಡಿಎಫ್ ಆಗಿ ಪುಕ್ಕಟೆ ಸಿಗುತ್ತವೆ. ಒಂದು ಬೀರು ತುಂಬುವಷ್ಟು ಪುಸ್ತಕ ಒಂದು ಮೊಬೈಲಿನಲ್ಲಿ ಕೂರುತ್ತದೆ. ಗೆಳೆಯನಿಗೆ ಕಳಿಸಿದರೆ ನಮ್ಮ ಹತ್ತಿರ ಇದ್ದದ್ದು ಕಡಿಮೆಯಾಗುವುದಿಲ್ಲ. ಬೀಗವಿಲ್ಲದ ಕಡತಕ್ಕೂ ಬೀಗವಿರುವ ಇ-ಪುಸ್ತಕಕ್ಕೂ ಇರುವ ಅಂತರ ಚಿಕ್ಕಲ್ಲೂರಿಗೂ ಊರೊಳಗಿನ ಜಗಲಿಗೂ ಇದ್ದಷ್ಟೇ ದೊಡ್ಡದು.

*

ಆಡಿಯೋ ಪುಸ್ತಕದ ಚರಿತ್ರೆ ಕಾರು ಓಡಿಸುವವರಿಂದ ಶುರುವಾಗಲಿಲ್ಲ. 1930ರ ದಶಕದಲ್ಲಿ ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಕುರುಡರಿಗಾಗಿ ಗ್ರಾಮಫೋನ್ ತಟ್ಟೆಗಳಲ್ಲಿ ‘ಮಾತಾಡುವ ಪುಸ್ತಕ’ ಬಂತು. ಇಂಗ್ಲೆಂಡಿನಲ್ಲಿ ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸಿಪಾಯಿಗಳೂ ಅದರ ಹಿಂದಿನ ಒತ್ತಾಯವಾಗಿದ್ದರು. ಓದಲು ಆಗದವರ ಹಕ್ಕಾಗಿ ಹುಟ್ಟಿದ್ದು ಆಮೇಲೆ ಸರಕಾಯಿತು: 1995ರಲ್ಲಿ ಆಡಿಬಲ್ ಕಂಪನಿ ಹುಟ್ಟಿತು, 2008ರಲ್ಲಿ ಅದನ್ನೂ ಅಮೆಜಾನ್ ಕೊಂಡುಕೊಂಡಿತು. ಹಕ್ಕಿನ ದಾರಿಯೂ ಮುಂದುವರಿಯಿತು. ಅಂಗವಿಕಲರಿಗೆ ಬೇಕಾದ ರೂಪಕ್ಕೆ ಪುಸ್ತಕವನ್ನು ಬದಲಾಯಿಸಿಕೊಳ್ಳಲು ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಅವಕಾಶ ಕೊಟ್ಟಿತು. ಇದೇ ಆಶಯದ 2013ರ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಸ್ಥಿರೀಕರಿಸಿದ್ದು ಭಾರತ. ನಮ್ಮ ಓದುಮನೆಗೆ ಕಣ್ಣು ಕಾಣದ ಒಬ್ಬ ಗೆಳೆಯ ಬಂದರೂ ಅವನಿಗೆ ಕೇಳುವ ಪುಸ್ತಕ ಇಡುವುದು ಉಪಕಾರವಲ್ಲ.

ಇನ್ನು ನಮ್ಮ ಅವ್ವಂದಿರು. 2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇಕಡ 75. ಪರಿಶಿಷ್ಟ ಜಾತಿಯವರದು 65ರ ಆಸುಪಾಸು. ಅವರಲ್ಲಿ ಹೆಂಗಸರದು ಇನ್ನೂ ಕಡಿಮೆ. ಇವರಿಗೆ ಅಚ್ಚಿನ ಪುಸ್ತಕವೂ ಇ-ರೀಡರೂ ಒಂದೇ: ಎರಡೂ ಮುಚ್ಚಿದ ಬಾಗಿಲು. ಆದರೆ ಕೇಳುವುದು ಇವರಿಗೆ ಹೊಸದಲ್ಲ. ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟಿನಲ್ಲಿ ಮಾದಪ್ಪನ ಕತೆ ಕೇಳುತ್ತಾ ಕಳೆ ಕಿತ್ತವರು, ಬೀಡಿ ಕಟ್ಟಿದವರು ನಮ್ಮ ಮನೆಗಳಲ್ಲೇ ಇದ್ದಾರೆ. ದೇವನೂರ ಮಹಾದೇವರ ‘ಕುಸುಮಬಾಲೆ’ 1988ರಲ್ಲಿ ಬಂದಾಗ ಭಾಷೆ ತಿಳಿಯಲ್ಲ ಎಂದು ಓದಿಕೊಂಡವರೇ ಗೊಣಗಿದರು. ಅದೇ ಪುಟವನ್ನು ನಂಜನಗೂಡು ಸೀಮೆಯ ಒಬ್ಬ ಮುದುಕಿಗೆ ಗಟ್ಟಿಯಾಗಿ ಓದಿ ಹೇಳಿ, ಆಕೆಗೆ ಅರ್ಥಕೋಶ ಬೇಕಾಗುವುದಿಲ್ಲ. ಆದರೆ ಅದನ್ನು ಸ್ಟುಡಿಯೋದಲ್ಲಿ ಕೂತು ‘ಶುದ್ಧ’ ಕನ್ನಡದ ದನಿಯವರು ಓದಿದರೆ? ಅಕ್ಷರ ನಮ್ಮದು, ನಾಲಗೆ ಬೇರೆಯವರದು ಆಗುತ್ತದೆ. ನಮ್ಮ ಪುಸ್ತಕಕ್ಕೆ ನಮ್ಮ ದನಿಯೇ ಬೇಕು ಎಂದು ಹಟ ಹಿಡಿಯಬೇಕಾದ ಜಾಗ ಇದು.

*

ಹಾಗಾದರೆ ಯಾವುದನ್ನು ಆರಿಸೋಣ? ಮೂರು ಪ್ರಶ್ನೆ ಕೇಳಿಕೊಳ್ಳೋಣ. ನಾಳೆಯೂ ಇದು ನಮ್ಮ ಹತ್ತಿರ ಇರುತ್ತದೆಯೆ? ಪಕ್ಕದ ಮನೆಯವರಿಗೆ ಕೊಡಬಹುದೆ? ಓದಲು ಬಾರದವರಿಗೆ ದಾಟಿಸಬಹುದೆ? ಈ ಪ್ರಶ್ನೆಗಳಿಗೆ ಹೌದು ಎನ್ನುವ ರೂಪ ಯಾವುದಾದರೂ ನಮಗೆ ಸರಿ.

ಕೂಡಿದ ದುಡ್ಡನ್ನು ಮೊದಲು ಅಚ್ಚಿನ ಪುಸ್ತಕಕ್ಕೆ ಹಾಕೋಣ. ಒಂದು ಪ್ರತಿಯನ್ನು ಹತ್ತು ಜನ ಓದಬಹುದು. ಯಾವ ಕಂಪನಿಯೂ ಬಂದು ಅಳಿಸಲಾರದು. ಅಗ್ಗದ ಪುಸ್ತಕ ಸಾಧ್ಯ ಎಂಬುದಕ್ಕೆ ಹತ್ತಿರದ ಉದಾಹರಣೆ ಇದೆ: 2022ರಲ್ಲಿ ದೇವನೂರರ ‘ಆರ್‌ಎಸ್‌ಎಸ್: ಆಳ ಮತ್ತು ಅಗಲ’ವನ್ನು ಹಲವು ಪ್ರಕಾಶಕರು ಒಟ್ಟಿಗೇ 40 ರೂಪಾಯಿಗೆ ಅಚ್ಚು ಮಾಡಿದರು, ಲಕ್ಷ ದಾಟಿ ಹೋಯಿತು. ಅದರ ವಾದವನ್ನು ಒಪ್ಪುವವರೂ ಒಪ್ಪದವರೂ ಓದಿದರು. ಇ-ರೀಡರ್ ಯಂತ್ರ ಕೊಳ್ಳುವುದು ಬೇಡ. ಈಗಾಗಲೇ ಕೈಯಲ್ಲಿರುವ ಮೊಬೈಲಿಗೆ ಬೀಗವಿಲ್ಲದ ಕಡತಗಳನ್ನು ತುಂಬೋಣ. ಹಳೆಯ ಸಣ್ಣ ಪತ್ರಿಕೆಗಳು ಯಾರ ಅಟ್ಟದ ಮೇಲಿದ್ದರೂ ಕೇಳಿ ಪಡೆದು ಫೋಟೋ ತೆಗೆದಿಡೋಣ.

ಬರೆಯುವ ಗೆಳೆಯರಿಗೆ ಒಂದು ಮಾತು. ನಿಮ್ಮ ಬರಹವನ್ನು ಯುನಿಕೋಡಿನಲ್ಲಿ ಇಡಿ. ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ನಮ್ಮ ಕಣ್ಣಿಗೆ ಕನ್ನಡ. ಕಂಪ್ಯೂಟರಿಗೆ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು. ಅದನ್ನು ಹುಡುಕಲಾಗದು, ಓದಿ ಹೇಳುವ ತಂತ್ರಾಂಶಕ್ಕೂ ಅದು ಮೂಕ. ಹಾಗೆಯೇ, ನಿಮ್ಮ ಪುಸ್ತಕವನ್ನು ಗಟ್ಟಿಯಾಗಿ ಓದಿ ರೆಕಾರ್ಡು ಮಾಡಿಕೊಳ್ಳಲು ಓದುಮನೆಗಳಿಗೆ ಬಾಯಿಬಿಟ್ಟು ಅನುಮತಿ ಕೊಡಿ. ಬಾಬಾಸಾಹೇಬರು ಬದುಕಿದ್ದಾಗ ಅಚ್ಚಾದ ಮೂಲ ಬರಹಗಳು, ಅವರು ತೀರಿಕೊಂಡು ಅರವತ್ತು ವರ್ಷ ಕಳೆದದ್ದರಿಂದ, 2017ರಿಂದ ಎಲ್ಲರ ಸ್ವತ್ತು. ಅನುವಾದದ ಹಕ್ಕು ಬೇರೆ. ಅನುವಾದಕರನ್ನು ಕೇಳೋಣ, ಅಥವಾ ನಾವೇ ನಮ್ಮ ಮಾತಿನಲ್ಲಿ ಕನ್ನಡಿಸೋಣ.

ಹಳ್ಳಿಯ ಮೇಷ್ಟರುಗಳೇ, ನಿಮ್ಮಲ್ಲೂ ಒಂದು ಕೇಳಿಕೆ. ವಾರಕ್ಕೆ ಒಂದು ಸಂಜೆ ಓದುಮನೆಗೆ ಬನ್ನಿ, ಒಂದು ಗಂಟೆ ಗಟ್ಟಿಯಾಗಿ ಓದಿ. ನೀವು ಓದಿದ್ದನ್ನು ಮಕ್ಕಳು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಲಿ. ಅಂದು ಬರಲಾಗದ ಕೂಲಿಯವರು ಆಮೇಲೆ ಕೇಳಲಿ. ಊರಿನಲ್ಲಿ ನೀಲಗಾರರು ಯಾರಾದರೂ ಇದ್ದರೆ ಅವರನ್ನೂ ಕರೆದು, ಅವರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು ಅವರ ಕಾವ್ಯ ಹಿಡಿದಿಡಿ. ಮೊದಲ ಸಂಜೆಗೆ ‘ಜಾತಿ ವಿನಾಶ’ ಇರಲಿ. ಲಾಹೋರಿನಲ್ಲಿ ಆಡಲು ಬಿಡದ ಮಾತು ನಮ್ಮ ಕೇರಿಯಲ್ಲಿ ಎಲ್ಲರ ಕಿವಿಗೂ ಬೀಳಲಿ. ಕೇಳಲು ಬಂದವರನ್ನೆಲ್ಲ ಒಳಗೆ, ದೀಪದ ಹತ್ತಿರ ಕೂರಿಸಿ.